ಕಾಲೇಜ್ ಬಾಸ್ಕೆಟ್‌ಬಾಲ್‌ನಿಂದ ವಿದೇಶಿ ಕ್ಲಬ್‌ಗೆ: ಗೀತು ಅನ್ನಾ ಜೋಸ್ ಹೋದ ದಾರಿ

ಮೊನ್ನೆ ನಮ್ಮ ಕಾತ್ರಜದವರೇ ಒಬ್ಬರು ಸಿಕ್ಕಿ ಕೇಳಿದ್ರು: "ಮಗಳು ಸೆಕೆಂಡ್ ಇಯರ್. ಕಾಲೇಜ್ ಟೀಮಲ್ಲಿ ಬಾಸ್ಕೆಟ್‌ಬಾಲ್ ತುಂಬಾ ಚೆನ್ನಾಗಿ ಆಡ್ತಾಳೆ. ಹೊರದೇಶದಲ್ಲಿ ಆಡಿ ಬದುಕೋಕಾಗತ್ತಾ, ಇಲ್ಲಾ ಪ್ಲೇಸ್‌ಮೆಂಟ್‌ಗೆ ಕೂರು ಅನ್ನೋದಾ?" ಅವರೂ ನಮ್ಮ ಹಾಗೇ ದಿನಾ ಹಿಂಜವಡಿಗೆ ಹೋಗಿ ಬರೋರು. ಇದಕ್ಕೆ ಸುಮ್ಮನೆ ಹೌದು ಅಥವಾ ಇಲ್ಲ ಅನ್ನೋಕಿಂತ, ನಿಜವಾಗಿ ಹೋಗಿ ಆಡಿ ಬಂದವರೊಬ್ಬರ ಕಥೆ ನೋಡೋಣ.

ಗೀತು ಅನ್ನಾ ಜೋಸ್. ಕೇರಳದ ಕೊಟ್ಟಾಯಂ ಕಡೆಯವರು, 1985ರಲ್ಲಿ ಹುಟ್ಟಿದವರು. ಓದಿದ್ದು ಚಂಗನಾಶ್ಶೇರಿಯ ಅಸಂಪ್ಷನ್ ಕಾಲೇಜಲ್ಲಿ. ಮೊದಲು ವಾಲಿಬಾಲ್ ಆಡ್ತಿದ್ದವರು ಆಮೇಲೆ ಬಾಸ್ಕೆಟ್‌ಬಾಲ್‌ಗೆ ಬಂದ್ರು. ಎತ್ತರ 6 ಅಡಿ 2 ಇಂಚು. ಇಲ್ಲಿ ಅಷ್ಟು ಎತ್ತರದ ಹುಡುಗಿ ಸಿಕ್ಕರೆ ಕೋಚ್‌ಗಳು ಬಿಡ್ತಾರಾ?

ಅಮೆರಿಕದಲ್ಲಾದ್ರೆ ಕಾಲೇಜಲ್ಲಿ ಮಿಂಚಿದವರಿಗೆ ಮುಂದಿನ ಮೆಟ್ಟಿಲು ಪ್ರೊಫೆಷನಲ್ ಕ್ಲಬ್. ನಮ್ಮಲ್ಲಿ ಮುಂದಿನ ಮೆಟ್ಟಿಲು ಸ್ಪೋರ್ಟ್ಸ್ ಕೋಟಾ: ರೈಲ್ವೆ, ವಿದ್ಯುತ್ ಮಂಡಳಿ, ಪೊಲೀಸ್. ಗೀತು ದಕ್ಷಿಣ ರೈಲ್ವೆ ಸೇರಿದ್ರು. ಇದನ್ನ ಹಗುರವಾಗಿ ನೋಡಬೇಡಿ. ತಿಂಗಳ ಸಂಬಳ, ರೈಲ್ವೆ ಆಸ್ಪತ್ರೆ, ಮಂಡಿ ಮುರಿದ್ರೂ ಹೋಗದ ನೌಕರಿ ಇದ್ದಿದ್ರಿಂದಲೇ ನಮ್ಮ ಎಷ್ಟೋ ಆಟಗಾರ್ತಿಯರು ಮೂವತ್ತರ ತನಕ ಆಡಿದ್ದು.

2006ರಲ್ಲಿ ಗೀತು ಮೆಲ್ಬರ್ನ್ ಹತ್ತಿರದ ರಿಂಗ್‌ವುಡ್ ಹಾಕ್ಸ್ ಕ್ಲಬ್‌ಗೆ ಹೋದ್ರು. ಆಸ್ಟ್ರೇಲಿಯಾದ ಕ್ಲಬ್‌ಗೆ ಆಡಿದ ಮೊದಲ ಭಾರತೀಯ ಮಹಿಳೆ ಅವರೇ. 2008ರವರೆಗೆ ಅಲ್ಲಿ ಆಡಿದ್ರು. ಆದರೆ ಅದು ಯಾವ ಮಟ್ಟದ ಲೀಗ್ ಅಂತ ಗೊತ್ತಿರಬೇಕು. ಅದರ ಹೆಸರು ಬಿಗ್ ವಿ, ವಿಕ್ಟೋರಿಯಾ ರಾಜ್ಯದ ಲೀಗ್. ಆ ದೇಶದ ಅತಿ ದೊಡ್ಡ ಲೀಗ್ ಅಲ್ಲ. ಅಂಥ ಲೀಗುಗಳಲ್ಲಿ ಹೆಚ್ಚಿನವರು ಹಗಲು ಬೇರೆ ಕೆಲಸ ಮಾಡಿ ಸಂಜೆ ಪ್ರಾಕ್ಟೀಸಿಗೆ ಬರ್ತಾರೆ. "ವಿದೇಶದಲ್ಲಿ ಪ್ರೊಫೆಷನಲ್" ಅನ್ನೋ ಮಾತು ಕೇಳಿದ ತಕ್ಷಣ ಕೋಟಿ ಲೆಕ್ಕ ಹಾಕಬೇಡಿ. ಆನ್‌ಸೈಟ್ ಅಂದ ಕೂಡ್ಲೇ ಊರಲ್ಲಿ ಲೆಕ್ಕ ಹಾಕ್ತಾರಲ್ಲ, ಹಾಗೆ.

2011ರಲ್ಲಿ ಇನ್ನೂ ದೊಡ್ಡ ಬಾಗಿಲು ತೆರೀತು. ಅಮೆರಿಕದ ಡಬ್ಲ್ಯೂಎನ್‌ಬಿಎಯ ಮೂರು ತಂಡಗಳು, ಲಾಸ್ ಏಂಜಲೀಸ್ ಸ್ಪಾರ್ಕ್ಸ್, ಷಿಕಾಗೊ ಸ್ಕೈ, ಸ್ಯಾನ್ ಆಂಟೋನಿಯೊ ಸಿಲ್ವರ್ ಸ್ಟಾರ್ಸ್, ಅವರನ್ನ ಟ್ರಯಲ್ಸ್‌ಗೆ ಕರೆದ್ವು. ಭಾರತದಿಂದ ಅಂಥ ಕರೆ ಬಂದಿದ್ದು ಅದೇ ಮೊದಲು. ಕಾಂಟ್ರಾಕ್ಟ್ ಮಾತ್ರ ಸಿಗಲಿಲ್ಲ.

ನನ್ನ ಪ್ರಕಾರ ಅದು ಗೀತು ಅವರ ಕೊರತೆಗಿಂತ ಲೆಕ್ಕದ ವಿಷಯ. ಆಗ ಆ ಲೀಗಲ್ಲಿ ಇದ್ದದ್ದು 12 ತಂಡ. ಎಲ್ಲಾ ಸೇರಿ ನೂರೈವತ್ತು ಜಾಗವೂ ಇರಲಿಲ್ಲ. ಅದಕ್ಕೆ ಅಮೆರಿಕದ ಕಾಲೇಜುಗಳಿಂದ ಪ್ರತಿ ವರ್ಷ ಬರೋರ ಜೊತೆ ಯುರೋಪಿನವರ ಪೈಪೋಟಿ ಬೇರೆ. ಇನ್ನೊಂದು, ನಮ್ಮಲ್ಲಿ ಆರಡಿ ದಾಟಿದವರನ್ನ ಬಾಸ್ಕೆಟ್ ಕೆಳಗೇ ನಿಲ್ಲಿಸ್ತಾರೆ. ಅಲ್ಲಿ ಆ ಜಾಗದಲ್ಲಿ ಆರೂವರೆ ಅಡಿಯವರಿರ್ತಾರೆ. 6 ಅಡಿ 2 ಇಂಚಿನವರು ದೂರದಿಂದ ಶೂಟ್ ಮಾಡಬೇಕು, ಚೆಂಡು ಪುಟಿಸ್ತಾ ಓಡಬೇಕು. ಇಪ್ಪತ್ತೈದು ದಾಟಿದ ಮೇಲೆ ಆಟದ ಶೈಲಿಯನ್ನೇ ಬದಲಿಸೋದು ಸುಲಭ ಅಲ್ಲ.

ಭಾರತ ತಂಡದ ನಾಯಕಿಯೂ ಆಗಿದ್ದ ಅವರಿಗೆ 2014ರಲ್ಲಿ ಅರ್ಜುನ ಪ್ರಶಸ್ತಿ ಬಂತು. 2017ರಲ್ಲಿ ಬೆಂಗಳೂರಿನ ಕಂಠೀರವದಲ್ಲಿ ನಮ್ಮ ಹುಡುಗಿಯರು ಕಝಾಕಸ್ತಾನವನ್ನ 75-73ರಲ್ಲಿ ಸೋಲಿಸಿ ಏಷ್ಯಾ ಕಪ್ ಬಿ ಡಿವಿಷನ್ ಗೆದ್ದಿದ್ದು ನೆನಪಿದೆಯಾ? ಆ ತಂಡದ ಜೀನಾ ಸ್ಕರಿಯಾ 2019ರಲ್ಲಿ ಇದೇ ರಿಂಗ್‌ವುಡ್‌ಗೆ ಹೋದ್ರು. ಅವರದ್ದೂ ಕೇರಳ ವಿದ್ಯುತ್ ಮಂಡಳಿಯ ನೌಕರಿ.

ಇನ್ನೊಂದು ದಾರಿ ಬೆಂಗಳೂರಿನ ಸಂಜನಾ ರಮೇಶ್ ಹಿಡಿದದ್ದು. ಸ್ಕಾಲರ್‌ಶಿಪ್ ಮೇಲೆ ಅಮೆರಿಕದ ನಾರ್ದರ್ನ್ ಅರಿಝೋನಾ ವಿಶ್ವವಿದ್ಯಾಲಯ ಸೇರಿ ಅಲ್ಲೇ ಡಿವಿಷನ್ ಒಂದರಲ್ಲಿ ಆಡಿದ್ರು. ಕ್ಲಬ್ ಕೈಕೊಟ್ಟರೂ ಡಿಗ್ರಿ ಕೈಲಿರುತ್ತೆ.

ಈಗ ಕೇಳಿದವರಿಗೆ ಉತ್ತರ. ಅಮೆರಿಕದ ಕಾಲೇಜ್ ಬೇಕಿದ್ರೆ ತಡ ಮಾಡಬೇಡಿ. ಡಿವಿಷನ್ ಒಂದರಲ್ಲಿ ಬಹುಕಾಲದಿಂದ ಇದ್ದ ನಿಯಮ ಐದು ವರ್ಷದೊಳಗೆ ನಾಲ್ಕು ಸೀಸನ್; ಆ ಐದು ವರ್ಷದ ಎಣಿಕೆ ಶುರುವಾಗೋದು ಯಾವುದೇ ದೇಶದ ಕಾಲೇಜಿಗೆ ಫುಲ್‌ಟೈಮ್ ಸೇರಿದ ದಿನದಿಂದ. ಅಂದ್ರೆ ನಿಮ್ಮ ಮಗಳದ್ದು ಪುಣೆಯಲ್ಲೇ ಶುರುವಾಗಿದೆ. ಈಗಿನ ನಿಯಮ ಏನಿದೆ ಅಂತ ಆ ಕಾಲೇಜಿಗೇ ಮೇಲ್ ಹಾಕಿ ಕೇಳಿ. ರೈಲ್ವೆ ದಾರಿಯಾದ್ರೆ ಅಂತರ ವಿಶ್ವವಿದ್ಯಾಲಯ ಮತ್ತು ರಾಷ್ಟ್ರೀಯ ಚಾಂಪಿಯನ್‌ಶಿಪ್‌ಗಳ ಸರ್ಟಿಫಿಕೇಟ್ ಜೋಪಾನವಾಗಿಡಿ. ಮುಂದೆ ವಿದೇಶಿ ಕ್ಲಬ್ ಕರೆದ್ರೆ ನಮ್ಮ ಫೆಡರೇಷನ್ನಿಂದ ಕ್ಲಿಯರೆನ್ಸ್ ಪತ್ರ ಬೇಕಾಗುತ್ತೆ, ನೌಕರಿ ಇದ್ರೆ ಅವರ ಒಪ್ಪಿಗೆಯೂ ಬೇಕು. ಸಹಿ ಹಾಕೋ ಮುಂಚೆ ಸಂಬಳದ ಜೊತೆ ಇದನ್ನೂ ಕೇಳಿ: ಮಂಡಿ ಆಪರೇಷನ್ ಆದ್ರೆ ದುಡ್ಡು ಯಾರು ಕಟ್ತಾರೆ?