ಗುಜರಾತಿನ ವನಯಾತ್ರೆ: ಮೃಗವನ್ನರಿತು ಮಾರ್ಗವನ್ನಾರಿಸಿ

ಆಫ್ರಿಕಾದ ಸೆರೆಂಗೆಟಿಗೆ ಹೊರಟವನು ತಾನು ಕಾಣಬಯಸುವ ಮೃಗವಾವುದೆಂದು ಮೊದಲು ನಿಶ್ಚಯಿಸಿ, ಅನಂತರ ಅದರ ನೆಲೆಯನ್ನೂ ಋತುವನ್ನೂ ವಿಚಾರಿಸುವಂತೆ, ಅಹಮದಾಬಾದ್, ವಡೋದರಾ, ಸೂರತ್ ನಗರಗಳಲ್ಲಿ ನೆಲಸಿರುವ ಕನ್ನಡಿಗರೂ ತಮ್ಮ ವನಯಾತ್ರೆಯನ್ನು ಯೋಜಿಸುವುದು ಲೇಸು.

ಸಿಂಹದರ್ಶನವೇ ಅಭಿಲಾಷೆಯಾದರೆ ಸೌರಾಷ್ಟ್ರದ ಗಿರ್ ಅರಣ್ಯಕ್ಕೇ ಹೋಗಬೇಕು. ಬೇಟೆಯಿಂದ ವಿನಾಶದ ಅಂಚಿಗೆ ಬಂದು, ಜುನಾಗಢದ ನವಾಬರ ಆಶ್ರಯದಲ್ಲಿ ಉಳಿದುಕೊಂಡ ಏಷ್ಯಾದ ಸಿಂಹಗಳು ಗಿರ್ ಮತ್ತು ಅದರ ಸುತ್ತಣ ಪ್ರದೇಶದಲ್ಲಿ 2025ರ ಗಣತಿಯ ವೇಳೆಗೆ 891 ಆಗಿದ್ದವು. ಆಫ್ರಿಕಾದ ಸಿಂಹಕ್ಕಿಂತ ವಿರಳವಾಗಿ, ಕಿವಿಗಳನ್ನು ಮರೆಮಾಡದಂತಿರುವ ಕೇಸರವೂ, ಉದರದುದ್ದಕ್ಕೂ ಇಳಿಬಿದ್ದ ಚರ್ಮದ ಮಡಿಕೆಯೂ ಇವುಗಳ ಲಕ್ಷಣಗಳು. ಜೂನ್ 16ರಿಂದ ಅಕ್ಟೋಬರ್ 15ರವರೆಗೆ ಅಲ್ಲಿ ಸಫಾರಿಯಿಲ್ಲ.

ಅಹಮದಾಬಾದಿನವರಿಗೆ ಚಳಿಗಾಲದಲ್ಲಿ ನಲ್ ಸರೋವರದ ವಲಸೆಹಕ್ಕಿಗಳು, ಚಿಕ್ಕ ರಣದ ಕಾಡುಕತ್ತೆಗಳು, ವೇಳಾವದರದ ಹುಲ್ಲುಗಾವಲಿನಲ್ಲಿ ನೆಗೆನೆಗೆದು ಓಡುವ ಕೃಷ್ಣಮೃಗಗಳು ಸುಲಭಸಾಧ್ಯ. ಕರಡಿಯ ನೆಲೆಯನ್ನು ನೋಡಬಯಸುವ ವಡೋದರಾದವರಿಗೆ ರತನ್‌ಮಹಲ್ ಉಂಟು. ಸೂರತ್ತಿನವರಿಗೆ ಡಾಂಗ್ ಸೀಮೆಯ ಪೂರ್ಣಾ ಅಭಯಾರಣ್ಯದ ತೇಗ, ಬಿದಿರುಗಳ ಕಾಡು ಸಮೀಪ.

ಅರಣ್ಯ ಇಲಾಖೆಯ ಅನುಮತಿಯನ್ನು ಮುಂಚಿತವಾಗಿಯೇ ಪಡೆಯಿರಿ. ಮೃಗವನ್ನು ಇನ್ನಷ್ಟು ಹತ್ತಿರದಿಂದ ನೋಡುವ ಆಸೆಗೆ ಬಿದ್ದು ವಾಹನವನ್ನು ದಾರಿ ಬಿಟ್ಟು ಓಡಿಸುವಂತೆ ಚಾಲಕನನ್ನು ಎಂದಿಗೂ ಒತ್ತಾಯಿಸಬೇಡಿ.