ಕ್ಯಾನ್ವಾಸಿನ ಮೇಲೆ ಮೊದಲ ಬಣ್ಣ

ನಮ್ಮ ಜಹೀರಾಬಾದ, ನಾರಾಯಣಖೇಡ, ತಾಂಡೂರುಗಳ ಮಕ್ಕಳಲ್ಲಿ ಚಿತ್ರ ಬರೆಯುವ ಕೈ ಇದ್ದವರು ಕಡಿಮೆ ಇಲ್ಲ. ಹಾಳೆಯ ಮೇಲೆ ಜಲವರ್ಣದಲ್ಲಿ ಪಳಗಿದ ಮೇಲೆ ಅವರಿಗೆ ಕ್ಯಾನ್ವಾಸಿನ ಆಸೆ ಹುಟ್ಟುವುದು ಸಹಜ. ಆದರೆ ಆ ಸಾಮಾನುಗಳು ತುಟ್ಟಿ. ತಿಳಿಯದೆ ಕೊಂಡರೆ ತಂದೆತಾಯಿಗಳ ಹಣ ಹಾಳು. ತಿಳಿಯದೆ ಬಳಸಿದರೆ ಕಷ್ಟಪಟ್ಟು ಬರೆದ ಚಿತ್ರ ಕೆಲವೇ ವರ್ಷಗಳಲ್ಲಿ ಬಿರಿಯುತ್ತದೆ. ಆದ್ದರಿಂದ ಅಂಗಡಿಗೆ ಹೋಗುವ ಮೊದಲು ತಿಳಿದಿರಬೇಕಾದ ಕೆಲವು ಸಂಗತಿಗಳನ್ನು ಇಲ್ಲಿ ಹೇಳುತ್ತೇವೆ.

ಈ ಕಲೆ ನಮಗೆ ದೂರದ್ದೇನೂ ಅಲ್ಲ. 1956ರ ನವೆಂಬರ್ 1ರವರೆಗೆ ತಾಂಡೂರು ಕಲಬುರಗಿ ಜಿಲ್ಲೆಯಲ್ಲಿಯೂ ಜಹೀರಾಬಾದ, ನಾರಾಯಣಖೇಡಗಳು ಬೀದರ ಜಿಲ್ಲೆಯಲ್ಲಿಯೂ ಇದ್ದವು. ಆ ಕಲಬುರಗಿಯಲ್ಲಿ 1916ರಲ್ಲಿ ಹುಟ್ಟಿದ ಎಸ್. ಎಂ. ಪಂಡಿತರು ತೈಲವರ್ಣದಲ್ಲಿ ದೇಶದಲ್ಲೆಲ್ಲ ಹೆಸರಾದರು. ಅವರ ಪೌರಾಣಿಕ ಚಿತ್ರಗಳು ಕ್ಯಾಲೆಂಡರುಗಳಾಗಿ ಎಷ್ಟೋ ಮನೆಗಳ ಗೋಡೆಯನ್ನು ಸೇರಿದವು. ಕಲಬುರಗಿಯ ರಂಗಮಂದಿರಕ್ಕೆ ಇಂದು ಅವರದೇ ಹೆಸರಿದೆ.

ತೈಲವರ್ಣವೆಂದರೆ ಬಣ್ಣದ ಪುಡಿಯನ್ನು ಅಗಸೆ ಎಣ್ಣೆಯಲ್ಲಿ ಅರೆದದ್ದು. ಹೌದು, ನಾವು ರೊಟ್ಟಿಯೊಡನೆ ಹಿಂಡಿ ಮಾಡಿ ತಿನ್ನುವ ಅದೇ ಅಗಸೆ! ಶೇಂಗಾ ಎಣ್ಣೆಯನ್ನು ಏಕೆ ಬಳಸಬಾರದು ಎಂದು ಕೇಳಬಹುದು. ಶೇಂಗಾ ಎಣ್ಣೆಯನ್ನು ತಿಂಗಳುಗಟ್ಟಲೆ ಇಟ್ಟರೂ ಅದು ಜಿಡ್ಡಾಗಿಯೇ ಉಳಿಯುತ್ತದೆ. ಅಗಸೆ ಎಣ್ಣೆಯಾದರೋ ಗಾಳಿಯಲ್ಲಿರುವ ಆಮ್ಲಜನಕವನ್ನು ಹೀರಿ ಗಟ್ಟಿ ಪೊರೆಯಾಗುತ್ತದೆ. ನಮ್ಮ ಹೊಲಗಳ ಕುಸುಬಿಯ ಎಣ್ಣೆಗೂ ಈ ಗುಣ ಉಂಟು. ಅದು ಒಣಗುವುದು ನಿಧಾನ, ಆದರೆ ಹಳದಿಗಟ್ಟುವುದು ಕಡಿಮೆ. ಆದ್ದರಿಂದ ಅದನ್ನು ಬಿಳಿ ಬಣ್ಣಕ್ಕೆ ಬಳಸುವುದುಂಟು. ಹಾಗೆಂದು ಅಡಿಗೆಮನೆಯ ಎಣ್ಣೆಯನ್ನು ಬಣ್ಣಕ್ಕೆ ಸುರಿಯಬೇಡಿ. ಕಲಾವಿದರಿಗೆಂದೇ ಶುದ್ಧಗೊಳಿಸಿದ ಎಣ್ಣೆ ಬೇರೆಯೇ ಸಿಗುತ್ತದೆ.

ಅಕ್ರಿಲಿಕ್ ಬಣ್ಣದ ರೀತಿ ಬೇರೆ. ಅದರಲ್ಲಿ ಎಣ್ಣೆ ಇಲ್ಲ. ಪ್ಲಾಸ್ಟಿಕ್ಕಿನ ಜಾತಿಯ ಅಂಟಿನ ಸೂಕ್ಷ್ಮ ಕಣಗಳು ನೀರಿನಲ್ಲಿ ತೇಲುತ್ತಿರುತ್ತವೆ. ನೀರು ಆರಿದೊಡನೆ ಕಣಗಳು ಕೂಡಿಕೊಂಡು ಬಣ್ಣ ಗಟ್ಟಿಯಾಗುತ್ತದೆ, ಮತ್ತೆ ನೀರಿಗೆ ಕರಗದು. ನಮ್ಮ ಬೇಸಿಗೆಯಲ್ಲಿ ಇದಕ್ಕೆ ಕೆಲವೇ ನಿಮಿಷ ಸಾಕು. ಕುಂಚವನ್ನು ಪಕ್ಕಕ್ಕಿಟ್ಟು ಊಟಕ್ಕೆ ಹೋದರೆ ಬರುವಷ್ಟರಲ್ಲಿ ಅದು ಕಡ್ಡಿಯಾಗಿರುತ್ತದೆ! ಕುಂಚವನ್ನು ಆಗಾಗ ನೀರಿನಲ್ಲಿ ತೊಳೆಯಿರಿ, ತಟ್ಟೆಯ ಬಣ್ಣದ ಮೇಲೆ ಸ್ವಲ್ಪ ನೀರು ಚಿಮುಕಿಸುತ್ತಿರಿ. ಖರ್ಚು ಕಡಿಮೆ, ವಾಸನೆ ಕಡಿಮೆ; ಹೊಸಬರು ಅಕ್ರಿಲಿಕ್ಕಿನಿಂದಲೇ ಆರಂಭಿಸುವುದು ಒಳ್ಳೆಯದೆಂದು ನಮ್ಮ ಅಭಿಪ್ರಾಯ.

ಕ್ಯಾನ್ವಾಸನ್ನು ಮನೆಯಲ್ಲಿಯೇ ಸಿದ್ಧಪಡಿಸಬಹುದು. ದಪ್ಪ ಹತ್ತಿಬಟ್ಟೆಯನ್ನು ಮರದ ಚೌಕಟ್ಟಿಗೆ ಎಳೆದು ಮೊಳೆ ಹೊಡೆಯಬೇಕು. ಮೊದಲು ನಾಲ್ಕು ಬದಿಗಳ ನಡುವೆ ಒಂದೊಂದು ಮೊಳೆ, ಅನಂತರ ಎದುರುಬದುರಾಗಿ ಎಳೆಯುತ್ತ ಮೂಲೆಗಳ ಕಡೆಗೆ. ಮೂಲೆಯಿಂದಲೇ ಶುರು ಮಾಡಿದರೆ ಬಟ್ಟೆ ಸುಕ್ಕಾಗುತ್ತದೆ. ಮೇಲೆ ಬಿಳಿಯ ಪ್ರೈಮರನ್ನು ಎರಡು ಸಲ ಬಳಿಯಿರಿ. ಇದನ್ನು ಬಿಡಬಾರದು, ಬರಿ ಬಟ್ಟೆಗೆ ಎಣ್ಣೆ ತಾಗಿದರೆ ಕಾಲಕ್ರಮದಲ್ಲಿ ನೂಲು ಕೊಳೆತು ಪುಡಿಯಾಗುತ್ತದೆ.

ಬಣ್ಣಗಳ ದೊಡ್ಡ ಪೆಟ್ಟಿಗೆ ಬೇಡ. ಬಿಳಿ, ನಿಂಬೆಹಳದಿ, ಯೆಲ್ಲೋ ಓಕರ್, ಬರ್ನ್ಟ್ ಸಿಯೆನ್ನಾ, ಕ್ರಿಮ್ಸನ್, ಅಲ್ಟ್ರಾಮರೀನ್ ಎಂಬ ಆರು ಟ್ಯೂಬುಗಳಿದ್ದರೆ ನಮ್ಮ ಸೀಮೆಯನ್ನೆಲ್ಲ ಬರೆಯಬಹುದು. ಬಿಳಿಯ ಟ್ಯೂಬು ಮಾತ್ರ ದೊಡ್ಡದಿರಲಿ. ಜಹೀರಾಬಾದಿನ ಕೆಂಪು ಮಣ್ಣು ಕೆಂಪಾಗಿರುವುದು ಕಬ್ಬಿಣದ ಆಕ್ಸೈಡಿನಿಂದ. ಓಕರ್, ಸಿಯೆನ್ನಾಗಳ ಬಣ್ಣಕ್ಕೂ ಅದೇ ಮೂಲ. ಆದ್ದರಿಂದ ಆ ಎರಡನ್ನು ಬೆರೆಸಿದರೆ ಹೊಲ ತಾನಾಗಿಯೇ ಮೂಡುತ್ತದೆ. ತಾಂಡೂರಿನ ನೀಲಿಗಲ್ಲಿಗೆ ಕಪ್ಪುಬಿಳಿ ಕಲಸಿದರೆ ಬಣ್ಣ ಬೂದಿಯಂತೆ ಸತ್ತು ಹೋಗುತ್ತದೆ. ಅಲ್ಟ್ರಾಮರೀನಿಗೆ ಸ್ವಲ್ಪ ಸಿಯೆನ್ನಾ, ಮೇಲೆ ಬಿಳಿ ಸೇರಿಸಿ ನೋಡಿ. ತೊಗರಿಯ ಹೊಲಕ್ಕೆ ನೀಲಿಹಳದಿ ಬೆರೆಸಿದ ಹಸಿರು ಕಣ್ಣಿಗೆ ಕುಕ್ಕುವುದು. ಒಂದು ತೊಟ್ಟು ಕೆಂಪು ಹಾಕಿದರೆ ತಣ್ಣಗಾಗುತ್ತದೆ.

ತೈಲವರ್ಣದಲ್ಲಿ ಪದರುಗಳ ನಿಯಮವೊಂದಿದೆ. ಕೆಳಗಿನ ಪದರಿನಲ್ಲಿ ಎಣ್ಣೆ ಕಡಿಮೆ, ಮೇಲೆ ಹೋದಂತೆ ಹೆಚ್ಚು. ಮೊದಲ ಪದರಿಗೆ ಬಣ್ಣವನ್ನು ಟರ್ಪೆಂಟೈನಿನಿಂದ ತೆಳ್ಳಗೆ ಮಾಡಿರಿ, ಮುಂದಿನವುಗಳಿಗೆ ಸ್ವಲ್ಪಸ್ವಲ್ಪ ಎಣ್ಣೆ ಸೇರಿಸಿರಿ. ಎಣ್ಣೆ ಹೆಚ್ಚಿದ್ದಷ್ಟೂ ಒಣಗುವುದು ತಡ. ಅಂಥದು ಕೆಳಗಿದ್ದರೆ ಮೇಲಿನ ಪದರು ಮೊದಲು ಒಣಗಿ, ಕೆಳಗಿನದು ಅಲುಗಾಡಿದಾಗ ಬಿರಿಯುತ್ತದೆ. ಒಣಗಿದ ತೆಳು ಅಕ್ರಿಲಿಕ್ಕಿನ ಮೇಲೆ ತೈಲವರ್ಣ ಹಚ್ಚಬಹುದು. ತೈಲದ ಮೇಲೆ ಅಕ್ರಿಲಿಕ್ ಕೂಡದು. ಜಿಡ್ಡಿಗೆ ಹಿಡಿಯದೆ ಸಿಪ್ಪೆಯಂತೆ ಏಳುತ್ತದೆ.

ಪಾಲಕರು ಒಂದು ಮಾತನ್ನು ಅವಶ್ಯವಾಗಿ ಗಮನಿಸಬೇಕು. ಅಗಸೆ ಎಣ್ಣೆ ಒಣಗುವಾಗ ಶಾಖ ಹುಟ್ಟುತ್ತದೆ. ಎಣ್ಣೆ ಒರೆಸಿದ ಬಟ್ಟೆಗಳನ್ನು ಉಂಡೆ ಮಾಡಿ ಮೂಲೆಗೆಸೆದರೆ ಆ ಶಾಖ ಹೊರಹೋಗಲು ದಾರಿಯಿಲ್ಲದೆ, ಕಿಡಿ ತಾಗದೆಯೇ ಬೆಂಕಿ ಹತ್ತಬಹುದು. ಸೊಪ್ಪೆ, ಹತ್ತಿ ಕೂಡಿಟ್ಟ ನಮ್ಮ ಮನೆಗಳಲ್ಲಿ ಇದು ಆಟದ ಮಾತಲ್ಲ. ಅಂಥ ಬಟ್ಟೆಗಳನ್ನು ನೀರಿನಲ್ಲಿ ನೆನೆಸಿ ಮುಚ್ಚಳವಿರುವ ತಗಡಿನ ಡಬ್ಬಿಯಲ್ಲಿಡಿ, ಇಲ್ಲವೆ ಬಯಲಿನಲ್ಲಿ ಒಂದೊಂದಾಗಿ ಹರಡಿ ಒಣಗಿಸಿರಿ. ಟರ್ಪೆಂಟೈನನ್ನು ಒಲೆಯ ಹತ್ತಿರ ತರಬಾರದು; ಕಿಟಕಿ ತೆರೆದಿಟ್ಟೇ ಬಳಸಬೇಕು. ಕುಂಚದ ತುದಿಯನ್ನು ಬಾಯಲ್ಲಿ ಚೂಪು ಮಾಡುವ ಚಾಳಿ ಕೆಲವರಿಗಿದೆ. ಅದನ್ನು ಇಂದೇ ಬಿಡಿಸಿರಿ. ಕೆಲವು ಬಣ್ಣಗಳಲ್ಲಿ ವಿಷದ ಅಂಶವಿರುತ್ತದೆ.

ಮುಗಿದ ತೈಲಚಿತ್ರ ಮುಟ್ಟಿದರೆ ಅಂಟದಂತಾಗಲು ಕೆಲವು ದಿನಗಳು ಸಾಕು. ಆದರೆ ಒಳಗಿನವರೆಗೆ ಒಣಗಲು ಆರು ತಿಂಗಳಿನಿಂದ ಒಂದು ವರ್ಷ ಹಿಡಿಯುತ್ತದೆ. ವಾರ್ನಿಷ್ ಹಚ್ಚುವುದು ಅನಂತರವೇ. ಅಲ್ಲಿಯವರೆಗೆ ಅದನ್ನು ಧೂಳು ಬೀಳದ, ಬೆಳಕು ಬರುವ ಕೋಣೆಯಲ್ಲಿಡಿ. ಕತ್ತಲೆಯಲ್ಲಿಟ್ಟರೆ ಎಣ್ಣೆ ಹಳದಿಗಟ್ಟುತ್ತದೆ.