ಕಕ್ಕಡದ ಮಳೆಯೂ ಜಾಲದ ಆಜ್ಞೆಗಳೂ

ಕಕ್ಕಡ ಮಾಸದ ಮಳೆ ಹಿಡಿದು, ಭಾಗಮಂಡಲ ನಾಪೋಕ್ಲುಗಳ ಕಡೆ ತಂತಿಯ ಮೇಲೆ ಮರ ಬಿದ್ದು ಹೋದ ಕರೆಂಟು ಮರಳಿ ಬಂದಾಗ, ತೋಟದ ಕಛೇರಿಯ ಗಣಕವೇನೋ ಹೊತ್ತಿಕೊಂಡರೂ ಇಂಟರ್‌ನೆಟ್ ಮಾತ್ರ ಬಾರದಿರುವುದು ಕೊಡಗಿನವರಿಗೆ ಚಿರಪರಿಚಿತವಾದ ಸಂಗತಿ. ಆಗ ದೋಷವು ಕೇಬಲ್ಲಿನಲ್ಲಿದೆಯೋ, ವಿಳಾಸದಲ್ಲಿದೆಯೋ, ದಾರಿಯಲ್ಲಿದೆಯೋ ಎಂಬುದನ್ನು ವಿಂಗಡಿಸಿ ತಿಳಿಯಲು ಲೀನಕ್ಸ್ ಮೊದಲಾದ ಯೂನಿಕ್ಸ್ ಕುಲದ ವ್ಯವಸ್ಥೆಗಳಲ್ಲಿ ಕಮಾಂಡ್ ಲೈನಿಗಿಂತ ನಂಬಿಕಸ್ಥ ಸಾಧನವಿಲ್ಲವೆಂಬುದು ನನ್ನ ದೃಢವಾದ ಅಭಿಪ್ರಾಯ.

ಗಣಕವು ಜಾಲವನ್ನು ಕೂಡುವ ದ್ವಾರವೇ ನೆಟ್‌ವರ್ಕ್ ಇಂಟರ್‌ಫೇಸ್. ಅದನ್ನು ಅಣಿಗೊಳಿಸುವ ‘ಇಫ್‌ಕಾನ್ಫಿಗ್’ ಎಂಬ ಆಜ್ಞೆ 1983ರಲ್ಲಿ ಬರ್ಕ್ಲಿ ವಿಶ್ವವಿದ್ಯಾನಿಲಯದ ಯೂನಿಕ್ಸಿನೊಡನೆ ಬಂದಿತು. ಆ ಯೂನಿಕ್ಸಿನಿಂದ ಹುಟ್ಟಿದ ಬಿಎಸ್‌ಡಿ ವರ್ಗದಲ್ಲಿ ಇಂದಿಗೂ ಅದೇ ರೂಢಿ, ಲೀನಕ್ಸಿನಲ್ಲಿ ಅದರ ಸ್ಥಾನ ‘ಐಪಿ’ ಎಂಬ ಆಜ್ಞೆಗೆ ಸಂದಿದೆ. ‘ಐಪಿ ಲಿಂಕ್’ ಎಂದು ಬರೆದಾಗ ‘ನೋ ಕ್ಯಾರಿಯರ್’ ಎಂಬ ಉತ್ತರ ಬಂದರೆ ಗಣಕದೊಳಗೆ ಹುಡುಕುವುದು ವ್ಯರ್ಥ: ಕೇಬಲ್ಲು ಕಳಚಿದೆ, ಇಲ್ಲವೆ ಆಚೆ ತುದಿಯ ರೌಟರು ಸಿಡಿಲಿಗೋ ಕರೆಂಟಿಲ್ಲದೆಯೋ ಸುಮ್ಮನಾಗಿದೆ.

ಕೇಬಲ್ಲು ಸರಿಯಿದ್ದರೆ ವಿಳಾಸ ಕೊಡಬೇಕು. 192.168.1.20/24 ಎಂಬಲ್ಲಿ ಮೊದಲ 24 ಬಿಟ್ಟುಗಳು, ಅಂದರೆ ಮೊದಲ ಮೂರು ಸಂಖ್ಯೆಗಳು, ಜಾಲವನ್ನೂ ಉಳಿದುದು ಯಂತ್ರವನ್ನೂ ಸೂಚಿಸುತ್ತವೆ. ಕೋದಂಡೇರ ಕಾರ್ಯಪ್ಪ ಎನ್ನುವಾಗ ಒಕ್ಕದ, ಅಂದರೆ ಮನೆತನದ, ಹೆಸರು ಮುಂದಾಗಿ ವ್ಯಕ್ತಿಯ ಹೆಸರು ಹಿಂದೆ ಬರುವ ಕೊಡವ ಪದ್ಧತಿಯೇ ಇಲ್ಲಿಯೂ. ಅಂತಹ ಜಾಲದ 256 ವಿಳಾಸಗಳಲ್ಲಿ ಆದಿ ಅಂತ್ಯಗಳೆರಡು ಮೀಸಲಾಗಿ 254 ಯಂತ್ರಗಳಿಗೆ ದಕ್ಕುತ್ತವೆ. ಆಡಳಿತಾಧಿಕಾರವುಳ್ಳವರು ‘ಐಪಿ ಅಡ್ರೆಸ್ ಆ್ಯಡ್ 192.168.1.20/24 ಡೆವ್ ಈಥ್0’ ಎಂದು ಈಥ್0 ಎಂಬ ಹೆಸರಿನ ದ್ವಾರಕ್ಕೆ ವಿಳಾಸವನ್ನಿತ್ತು, ‘ಐಪಿ ಲಿಂಕ್ ಸೆಟ್ ಈಥ್0 ಅಪ್’ ಎಂದು ದ್ವಾರವನ್ನು ತೆರೆದು, ‘ಐಪಿ ರೂಟ್ ಆ್ಯಡ್ ಡಿಫಾಲ್ಟ್ ವಯಾ 192.168.1.1’ ಎಂದು ರೌಟರಿನ ಮೂಲಕ ಹೊರಜಗತ್ತಿನ ದಾರಿಯನ್ನು ತೋರಿದರೆ ಕೆಲಸ ಮುಗಿಯಿತು.

ಮುಗಿಯಿತೆಂದರೂ ಅದು ತಾತ್ಕಾಲಿಕ. ಈ ಆಜ್ಞೆಗಳ ಫಲವು ಗಣಕದ ಸ್ಮೃತಿಯಲ್ಲಿ ಮಾತ್ರ ನಿಲ್ಲುವುದರಿಂದ ಕರೆಂಟು ಹೋದೊಡನೆ ಅದೂ ಅಳಿಯುತ್ತದೆ. ಶಾಶ್ವತವಾಗಬೇಕಾದರೆ ವ್ಯವಸ್ಥೆಯ ಕಡತದಲ್ಲಿ, ಉಬುಂಟುವಾದರೆ ನೆಟ್‌ಪ್ಲಾನಿನಲ್ಲಿ, ಫ್ರೀಬಿಎಸ್‌ಡಿಯಾದರೆ ಆರ್‌ಸಿ ಡಾಟ್ ಕಾನ್ಫ್‌ನಲ್ಲಿ, ಬರೆದಿಡಲೇಬೇಕು. ಮಳೆಗಾಲದುದ್ದಕ್ಕೂ ಕರೆಂಟು ಹೋಗಿ ಬರುವ ಊರಿನಲ್ಲಿ ಇದನ್ನು ಮರೆತವನಿಗೆ ದಿನವೂ ಅದೇ ದುಡಿಮೆ.

ಬೆಂಗಳೂರಿನಲ್ಲಿ ಕುಳಿತು ಮಡಿಕೇರಿಯ ಯಂತ್ರವನ್ನು ತಿದ್ದುವವರಿಗೆ ಒಂದು ಮಾತು. ತಾವು ಒಳಹೊಕ್ಕ ದ್ವಾರವನ್ನೇ ತಪ್ಪಿ ಮುಚ್ಚಿದರೆ ಯಾರಾದರೂ ಆ ಯಂತ್ರದ ಬಳಿಗೇ ಹೋಗಬೇಕಾದೀತು. ಆದುದರಿಂದ ಹತ್ತು ನಿಮಿಷಗಳಲ್ಲಿ ತಾನಾಗಿ ರೀಬೂಟ್ ಆಗುವಂತೆ ಮೊದಲೇ ಗೊತ್ತುಮಾಡಿ, ಬದಲಾವಣೆ ಸರಿಯಾದುದನ್ನು ಕಂಡ ಮೇಲೆ ರೀಬೂಟನ್ನು ರದ್ದುಪಡಿಸಿ, ಅನಂತರವೇ ಕಡತದಲ್ಲಿ ಬರೆಯಿರಿ.